ಕೊಳಲು ಹಾಕಿದ ನಗು

ಸಿದ್ದಲಿಂಗೇಶ,

ಕಟಕಟೆಯಲ್ಲಿ ನಿಂತವನ ಹಾಗೆ ಒಪ್ಪಿಕೊಳ್ಳುತ್ತೇನೆ: ನಿನ್ನ ಅಪ್ಪಣೆಯಿಲ್ಲದೆ ನಿನ್ನನ್ನು ನಗಿಸಿದ್ದೇನೆ.

ಇವತ್ತು ತರೀಕೆರೆಯಲ್ಲಿ ನೀನು ತೀರಿಕೊಂಡ ಮೇಲಿನ ಶಿವಗಣಾರಾಧನೆ ಆಯ್ತು. ಅಲ್ಲಿ ತೋರಿಸಲು ಒಂದು ವಿಡಿಯೋ ಮಾಡಿದ್ದೆ. ನಾನು ಮಾಡಿದ ಮದುವೆ ಶೂಟಿಂಗುಗಳಿಗೆಲ್ಲ ಲೈಟ್ ಹಿಡಿದ ನೀನು ಕ್ಯಾಮೆರಾಗೆ ಸಿಕ್ಕಿದ್ದು ಒಮ್ಮೆ ಮಾತ್ರ, ಬೀರೂರಿನಲ್ಲಿ ಅಕ್ಷತೆ ಹೊತ್ತಿಗೆ ಅಡ್ಡ ಬಂದಾಗ. ಆ ಮುಖವನ್ನು ಕ್ಲೋಸಪ್ಪಿಗೆ ಎಳೆದು, ಸ್ಲೋ ಮೋಷನ್ ಮಾಡಿ, ಹಿನ್ನೆಲೆಗೆ ಕೊಳಲು ಹಾಕಿದೆ.

"ನೋಡಣ್ಣಾ, ಎಷ್ಟು ತೃಪ್ತಿಯಿಂದ ನಗ್ತಿದ್ದಾರೆ!" ಅಂತ ನಿನ್ನ ಹೆಂಡತಿ ಕೋಮಲಾ ಅತ್ತಳು. ಊಟಕ್ಕೆ ಎದ್ದಿದ್ದವರೂ ಮತ್ತೆ ಕೂತು ಅತ್ತರು. ಜನರನ್ನು ಅಳಿಸುವುದು, ಬೇಡದ್ದನ್ನು ಅಳಿಸುವುದು, ಎರಡರಲ್ಲೂ ನನ್ನನ್ನು ಮೀರಿಸೋ ಎಡಿಟರ್ ಇಲ್ಲ ಕಣೋ.

ನೀನು ನಕ್ಕೇ ಇರಲಿಲ್ಲ. ಬೀಗರೆದುರು ಬೈಸಿಕೊಂಡು ತುಟಿ ಕಚ್ಚಿದ್ದೆ. ಕೊಳಲು ತುಂಬಿಸಿ ನಾನು ಅಳಿಸಿದ್ದು ನನ್ನದೇ ಕೂಗು: "ಲೇ, ಫ್ರೇಮಿಂದಾಚೆ ಹೋಗಿ ಸಾಯೋ!"