ಹುರುಳಿಯ ಕಟ್ಟು

ಶನಿವಾರ, ಡಿಸೆಂಬರ್ ೧೪. ರಾತ್ರಿ ಹತ್ತು ದಾಟಿದೆ.

ಸಂಜೆಯಿಂದ ಬಚ್ಚಲಿಗೆ ಓಡಾಡಿ ಸಾಕಾಯಿತು. ಇನ್ನೂ ಹೊಟ್ಟೆ ಹಿಂಡುತ್ತಿದೆ.

ಈರುಳ್ಳಿ, ಬೆಳ್ಳುಳ್ಳಿ, ಕಾಳು ಬಿಟ್ಟ ಮೇಲೆ ನನ್ನ ಐಬಿಎಸ್, ಅಂದರೆ ಕರುಳಿನ ತೊಂದರೆ, ಹತೋಟಿಗೆ ಬಂದಿತ್ತು. ಡಾಕ್ಟರು ಹೇಳಿದಂತೆ ಅವ್ವ ನನಗೆಂದೇ ಪುಟ್ಟ ಪಾತ್ರೆಯಲ್ಲಿ ಬೇರೆ ಸಾರು ಕುದಿಸುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಆ ಪುಟ್ಟ ಪಾತ್ರೆ ಒಲೆ ಏರಿಲ್ಲ.

ಮಧ್ಯಾಹ್ನ ಅತ್ತಿಗೆ ಬಡಿಸಿದ್ದು ಬರೀ ಸೊಪ್ಪಿನ ಸಾರು ಎಂದುಕೊಂಡು ಉಂಡೆ. ಹುರುಳಿಕಾಳು ಬೇಯಿಸಿ ಬಸಿದ ಕಟ್ಟಿನಲ್ಲಿ ಮಾಡಿದ್ದರಂತೆ. ಹೊಟ್ಟೆ ಹಿಡಿದುಕೊಂಡು ಕೇಳಿದರೆ ನಕ್ಕರು.

"ಒಂದ್ ಕಾಳೂ ಬೀಳ್ದಂಗೆ ಬಸ್ದಿವ್ನಿ ಕಣಮ್ಮಿ. ಕಟ್ಟು ಬರೀ ನೀರು ತಾನೆ?"

ಕಾಳಿನ ತೊಂದರೆಯೆಲ್ಲ ಆ ನೀರಿಗೇ ಇಳಿದಿರುತ್ತದೆ ಎಂದೆ.

"ನಿಮ್ಮವ್ವ ಮುದ್ ಮಾಡಿ ಮಾಡಿ ನಿನ್ ಹೊಟ್ಟೆ ಕೆಡ್ಸ್‌ಬುಟ್ಟು ಹೋದ್ರು!"

ಅಣ್ಣ ಟಿವಿಯ ಸದ್ದು ಹೆಚ್ಚಿಸಿದ.

ಹೊಟ್ಟೆನೋವು ಬೆಳಗಾದರೆ ಇಳಿಯುತ್ತದೆ. ಅವ್ವನ ಮೇಲೆ ಹಾಕಿದ ಆ ಮಾತಿನ ನೋವು ಇಳಿಯುವುದಿಲ್ಲ.

ನಾಳೆ ಅತ್ತಿಗೆಯ ತಮ್ಮ ತನ್ನ ಹೊಸ ಬೀಗರನ್ನು ಊಟಕ್ಕೆ ಕರೆತರುತ್ತಾನೆ. ನನ್ನ ಅಡುಗೆಗೆ ಅವ್ವನ ಕೈರುಚಿ ಬಂದಿದೆ ಎಂದು ಕೋಳಿ ಸಾರನ್ನು ನನಗೇ ಒಪ್ಪಿಸಿದ್ದಾರೆ. ಮಾಡುತ್ತೇನೆ. ಒಂದು ಎಸಳು ಬೆಳ್ಳುಳ್ಳಿ ಇಲ್ಲದೆ, ಒಂದು ಚೂರು ಈರುಳ್ಳಿ ಇಲ್ಲದೆ, ನನ್ನ ಹೊಟ್ಟೆಗೆ ಒಗ್ಗುವ ಹಾಗೆ ಮಾಡುತ್ತೇನೆ. ಬೀಗರು ಸಪ್ಪೆ ಎಂದು ತಟ್ಟೆ ಸರಿಸಲಿ. ಆಗ ಅತ್ತಿಗೆಯ ಮುಖ ನೋಡಬೇಕು ನನಗೆ. ಅವ್ವ ಇದ್ದಿದ್ದರೆ, ಬಂದವರ ಅನ್ನದಲ್ಲಿ ಹಗೆ ತೀರಿಸಬೇಡ ಎಂದು ಬೈಯುತ್ತಿದ್ದಳು. ಬೈಯಲಾದರೂ ಇರಬೇಕಿತ್ತು.

ವಿರೂಪಾಕ್ಷಿಪುರದಿಂದ ಅವರೆಲ್ಲ ಹನ್ನೆರಡರ ಬಸ್ಸಿಗೆ ಬರುತ್ತಾರೆ.