ಲಿಮುರು ರಸ್ತೆಯ ಆಲಿಕಲ್ಲು

ಹೈರಿಡ್ಜ್, ನೈರೋಬಿ
ಏಪ್ರಿಲ್ ೧೯೯೧

ಸೋದರಮಾವನಿಗೆ ಅಂಬುಜಾ ಮಾಡುವ ನಮಸ್ಕಾರ.

ಕೆನಡಾ ವೀಸಾ ಇನ್ನೂ ಬಂದಿಲ್ಲ. ನಮ್ಮ ಮನೆಯವರಿಗೆ ಕೂತಲ್ಲಿ ಕೂರಲಾಗುತ್ತಿಲ್ಲ; ದಿನಾ ಅಂಚೆಪೆಟ್ಟಿಗೆ ನೋಡಿ ಬರುತ್ತಾರೆ. ನಾರ್ವೆಗೆ ವಾಪಸಾದ ಪಕ್ಕದ ಮನೆಯವರಿಂದ ಹಿಮದ ಟೈರು ಕೊಂಡು, ಈಗಿನಿಂದಲೇ ಅಭ್ಯಾಸವಾಗಲೆಂದು ಕಾರಿಗೆ ಹಾಕಿಸಿಬಿಟ್ಟಿದ್ದಾರೆ. ಚಳಿಗೆಂದು ಮಾಡಿದ ಮೆತ್ತನೆಯ ರಬ್ಬರು ಇಲ್ಲಿನ ಬಿಸಿಲಿಗೆ ಸವೆದುಹೋಗುತ್ತಿದೆ.

ನಿನ್ನೆ ಲಿಮುರು ಕಡೆ ಹೋಗಿದ್ದಾಗ ಆಲಿಕಲ್ಲು ಸುರಿದು, ಚಹಾ ತೋಟದ ನಡುವಿನ ರಸ್ತೆ ಉಪ್ಪು ಹರಡಿದ ಹಾಗೆ ಬೆಳ್ಳಗಾಯಿತು. ಇವರಿಗೆ ಹಿಗ್ಗೋ ಹಿಗ್ಗು. "ನೋಡ್ತಾ ಇರು, ಕೆನಡಾ ಹೀಗೇ ಇರತ್ತೆ" ಎಂದರು. ಇಳಿಜಾರಿನಲ್ಲಿ ಹೆದರಿ ಬ್ರೇಕ್ ಒತ್ತಿದ್ದೇ ತಡ, ಕಾರು ಗರ್ರನೆ ತಿರುಗಿ ಬಂದ ದಾರಿಗೇ ಮುಖ ಮಾಡಿ ನಿಂತಿತು. ಹಿಂದಿದ್ದ ಮಟಾಟು (ಇಲ್ಲಿನ ಬಾಡಿಗೆ ವ್ಯಾನು) ಡ್ರೈವರ್ ತಲೆ ಹೊರಗೆ ಹಾಕಿ "ಪೋಲೆ ಪೋಲೆ" ಎಂದ. ನಿಧಾನ ಎಂದು ಅರ್ಥ.

ಆಮೇಲೆ ಸ್ಟಿಯರಿಂಗ್ ನಾನು ಹಿಡಿದು ಕಾರನ್ನು ಮತ್ತೆ ಇಳಿಜಾರಿನ ಕಡೆ ತಿರುಗಿಸಿದೆ. ಘಾಟಿ ಬಸ್ಸು ಓಡಿಸುವ ಕಾಲದಲ್ಲಿ ನೀವು ಹೇಳುತ್ತಿದ್ದಿರಲ್ಲ, "ಹತ್ತೋ ಗೇರಲ್ಲೇ ಇಳೀಬೇಕು ಕಣೇ, ಬ್ರೇಕ್ ನಂಬಬಾರದು" ಅಂತ. ಹಾಗೇ ಮೆಲ್ಲಗೆ ಇಳಿಸಿದೆ. ಟೈರಿನ ಹೆಚ್ಚುಗಾರಿಕೆ ಏನೂ ಇರಲಿಲ್ಲ.

ಕತ್ತು ಸ್ವಲ್ಪ ಉಳುಕಿದೆ, ಗಾಬರಿ ಬೇಡ. ನಿಮ್ಮ ಮಂಡಿನೋವಿಗೆ ಮುಲಾಮು ಊರಿಗೆ ಬರುವವರ ಕೈಲಿ ಕಳಿಸುತ್ತೇನೆ.

ನಿನ್ನೆಯಿಂದ ಇವರದು ಒಂದೇ ಮಾತು, "ಕೆನಡಾದಲ್ಲಿ ಕಾರು ನೀನೇ ಓಡಿಸು." ಕಾರ್ಡಿನಲ್ಲಿ ಜಾಗ ಮುಗಿಯಿತು. ಅಮ್ಮನಿಗೆ ಓದಿ ಹೇಳುವಾಗ ಮುಂದಿನ ಸಾಲು ಬಿಟ್ಟುಬಿಡಿ. ಕೆನಡಾಕ್ಕೆ ಬರುತ್ತೇನೆಂದು ನಾನು ಇನ್ನೂ ಒಪ್ಪಿಲ್ಲ.

ಅಂಬುಜಾ