ಹರಿದ ಕೊನೆಯ ಪುಟ

ಲೈಬ್ರರಿ ಮೇಡಂ ಅವರಿಗೆ ನಮಸ್ಕಾರ.

ಈ ಕಾದಂಬರಿಯನ್ನು ಉಸಿರು ಬಿಗಿಹಿಡಿದು ಓದಿದೆ. ಗಂಡ ಹೆಂಡತಿಯನ್ನು ಮನೆಯಲ್ಲಿ ಕೂಡಿಹಾಕಿದ್ದೆಲ್ಲ ಅವಳ ಭ್ರಮೆ ಎಂದು ಕೊನೆಯಲ್ಲಿ ತಿಳಿದು ಬಹಳ ನಿರಾಸೆಯಾಯಿತು. ನಮ್ಮ ಯಜಮಾನರು ಮಾತ್ರ ಆ ಪುಟವನ್ನು ನನಗೆ ಗಟ್ಟಿಯಾಗಿ ಓದಿ ಹೇಳಿದರು. “ನೋಡಿದ್ಯಾ, ಇವಳೂ ನಿನ್ ಥರಾನೇ ತಲೇಲಿ ಹುಳ ಬಿಟ್ಕೊಂಡಿದ್ಳು” ಎಂದು ನಕ್ಕರು. ಆಮೇಲೆ ಎಂದಿನಂತೆ ಹೊರಗಿನಿಂದ ಬೀಗ ಹಾಕಿ ಕೆಲಸಕ್ಕೆ ಹೋದರು.

ಆ ಪುಟವನ್ನು ಬೇಕೆಂದೇ ಹರಿದಿದ್ದೇನೆ, ಕ್ಷಮಿಸಿ. ಪುಸ್ತಕ ತಂದುಕೊಡುವವರು ಅವರೇ. ಅವರು ಇದನ್ನು ಹಿಂದಿರುಗಿಸಿ ಹೋದಮೇಲೆ ನೀವು ಅಂಟಿಸಲು ಕೂತಾಗ ಈ ಚೀಟಿ ಸಿಗಲಿ ಎಂದು ಹೀಗೆ ಮಾಡಿದೆ. ಹಿಂಬದಿಯಲ್ಲಿ ನನ್ನ ಅಕ್ಕನ ಫೋನ್ ನಂಬರ್ ಇದೆ. ಬೀಗ ರಿಪೇರಿಯವನನ್ನು ಕರೆದುಕೊಂಡು ಹಗಲಲ್ಲೇ ಬರಲು ಹೇಳಿ. ಅವಳು ಒಪ್ಪಿದರೆ, ಮುಂದಿನ ಸಲ ಯಜಮಾನರ ಕೈಯಲ್ಲಿ ಹೊಲಿಗೆಯ ಪುಸ್ತಕ ಕೊಟ್ಟು ಕಳಿಸಿ. ನಾನು ಚಪ್ಪಲಿ ಹಾಕಿಕೊಂಡೇ ಕಾಯುತ್ತಿರುತ್ತೇನೆ.

ಇಂತಿ,
ಕಾರ್ಡ್ ನಂಬರ್ 418ರವರ ಹೆಂಡತಿ